ಹುಡುಗರ ನಡುವಿನಿಂದಲೇ ನಾಯಕರನ್ನು ಬೆಳೆಸಿದ ಸಂತ ಡಾನ್ ಬಾಸ್ಕೊ



ಕರಾವಳಿಯ ಕ್ರೈಸ್ತರಿಗೆ ಡಾನ್ ಬಾಸ್ಕೊ ಎಂಬ ಹೆಸರು ಹೊಸದಲ್ಲ. ಮಂಗಳೂರಿನ ಡಾನ್ ಬಾಸ್ಕೊ ಹಾಲ್‌ನಲ್ಲಿ ಕೊಂಕಣಿ ನಾಟಕ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪ್ರತಿ ವರ್ಷ ಜನವರಿ 31ರಂದು ಈ ಸಂತರ ಹಬ್ಬವನ್ನೂ ಆಚರಿಸುತ್ತೇವೆ. ಮಕ್ಕಳ ನಡುವೆ ನಗುತ್ತಾ ನಿಂತ ಗುರುಗಳ ಚಿತ್ರ ಎಲ್ಲರ ಕಣ್ಣ ಮುಂದಿದೆ. ಆದರೆ ಆ ಮಕ್ಕಳಲ್ಲೇ ಕೆಲವರನ್ನು ಆರಿಸಿ, ತಯಾರು ಮಾಡಿ, ಅವರಿಂದಲೇ ಒಂದು ಧಾರ್ಮಿಕ ಸಭೆಯನ್ನು ಕಟ್ಟಿದರು ಎಂಬ ವಿಷಯ ನಮ್ಮ ಪ್ರವಚನಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಈ ಲೇಖನದಲ್ಲಿ ಆ ಭಾಗವನ್ನೇ ಮುಖ್ಯವಾಗಿ ಹೇಳಲು ಬಯಸುತ್ತೇವೆ.

ಇದಕ್ಕೆ ಕಾರಣವೂ ಇದೆ. ನಮ್ಮ ಧರ್ಮಕೇಂದ್ರಗಳಿಂದ ಧಾರ್ಮಿಕ ಸಭೆಗಳನ್ನು ಸೇರಿದ ಎಷ್ಟೋ ಮಂದಿ ಘಟ್ಟದ ಮೇಲೆ ಸೇವೆ ಸಲ್ಲಿಸುತ್ತಿದ್ದಾರೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ಯುವ ನಾಯಕತ್ವ ತರಬೇತಿ ನಡೆಸುವ ಜವಾಬ್ದಾರಿ ಒಬ್ಬ ಸಹೋದರನಿಗೋ ಧರ್ಮಭಗಿನಿಗೋ ಬಂತೆಂದರೆ ಅವರು ಮೊದಲು ಹುಡುಕುವುದು ಪುಸ್ತಕಗಳನ್ನು, ಆಟಗಳ ಪಟ್ಟಿಯನ್ನು, ಪರದೆಯ ಮೇಲೆ ತೋರಿಸಲು ಚಿತ್ರಗಳನ್ನು. ಅವೂ ಬೇಕು. ಆದರೆ ಆ ನಾಡಿನ ಯುವಕರು ಯಾರು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ಬಂಜಾರರ ಪವಿತ್ರ ಕ್ಷೇತ್ರವಾದ ಸೂರಗೊಂಡನಕೊಪ್ಪವಿದೆ. ಜಗಳೂರು ಬರಗಾಲವನ್ನು ಮತ್ತೆ ಮತ್ತೆ ಕಂಡ ತಾಲ್ಲೂಕು. ಈ ಕಡೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಹೋಗುವವರಲ್ಲಿ ಹದಿಹರೆಯದವರೇ ಹೆಚ್ಚು ದುಡಿಯುವವರು. ಸುಮಾರು 180 ವರ್ಷಗಳ ಹಿಂದೆ ಇಟಲಿಯ ಟ್ಯೂರಿನ್ ನಗರಕ್ಕೆ ಗುಡ್ಡಗಾಡಿನಿಂದ ಕಲ್ಲು, ಇಟ್ಟಿಗೆ, ಗಾರೆ ಕೆಲಸಕ್ಕೆ ಬರುತ್ತಿದ್ದ ಹುಡುಗರನ್ನು ನೋಡಿಯೇ ಡಾನ್ ಬಾಸ್ಕೊ ತಮ್ಮ ಕೆಲಸವನ್ನು ಆರಂಭಿಸಿದರು.

ಜಾನ್ ಬಾಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಪಿಯೆಮೊಂತೆ ಪ್ರಾಂತ್ಯದ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಫ್ರಾನ್ಸಿಸ್ ತೀರಿಕೊಂಡಾಗ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ತಾಯಿ ಮಾರ್ಗರೀಟಾ ಅಕ್ಷರ ಕಲಿತವರಲ್ಲ. ಮೂವರು ಹುಡುಗರನ್ನೂ ಮುದಿ ಅತ್ತೆಯನ್ನೂ ಹೊಲದ ದುಡಿಮೆಯಿಂದ ಸಾಕಿದರು. ಒಂಬತ್ತನೆಯ ವಯಸ್ಸಿನಲ್ಲಿ ಜಾನ್‌ಗೆ ಬಿದ್ದ ಕನಸು ಬಹಳ ಪ್ರಸಿದ್ಧವಾದದ್ದು. ಕೆಟ್ಟ ಮಾತಾಡುತ್ತಾ ಜಗಳವಾಡುತ್ತಿದ್ದ ಹುಡುಗರನ್ನು ಅವನು ಗುದ್ದಿ ಸುಮ್ಮನಾಗಿಸಲು ಹೋದ. ಹೊಡೆತದಿಂದಲ್ಲ, ಸೌಮ್ಯತೆಯಿಂದ ಅವರನ್ನು ಗೆಲ್ಲಬೇಕೆಂದು ಕನಸಿನಲ್ಲಿ ಕಂಡವರು ತಿಳಿಸಿದರು. ಕನಸಿನ ಬಗ್ಗೆ ಬಹಳ ಬರೆಯಲಾಗಿದೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ನಂತರ ಆ ಹುಡುಗ ಮಾಡಿದ ಕೆಲಸ. ಸಂತೆ ಜಾತ್ರೆಗಳಲ್ಲಿ ದೊಂಬರಾಟದವರನ್ನು ಹತ್ತಿರದಿಂದ ಗಮನಿಸಿ, ಹಗ್ಗದ ಮೇಲೆ ನಡೆಯುವುದನ್ನು, ಕೈಚಳಕವನ್ನು ಬಿದ್ದು ಎದ್ದು ಕಲಿತ. ಭಾನುವಾರ ಹುಲ್ಲುಗಾವಲಿನಲ್ಲಿ ಊರವರನ್ನು ಸೇರಿಸಿ ಆಟ ತೋರಿಸುವ ಮೊದಲು ಜಪಸರ ಹೇಳಿಸುತ್ತಿದ್ದ, ಬೆಳಗ್ಗೆ ಇಗರ್ಜಿಯಲ್ಲಿ ಕೇಳಿದ ಪ್ರಸಂಗವನ್ನು ತಾನೇ ಒಪ್ಪಿಸುತ್ತಿದ್ದ. ಪ್ರಾರ್ಥನೆಗೆ ನಿಲ್ಲದವರಿಗೆ ಆಟವಿಲ್ಲ!

ಮಲಸಹೋದರ ಆಂತೊನಿಗೆ ತಮ್ಮನ ಓದು ಹಿಡಿಸಲಿಲ್ಲ. ಮನೆಯಲ್ಲಿ ಜಗಳ ಹೆಚ್ಚಾಗಿ, 1828ರ ಚಳಿಗಾಲದಲ್ಲಿ ಹನ್ನೆರಡು ವರ್ಷದ ಜಾನ್ ಮೊಲಿಯಾ ಕುಟುಂಬದ ಹೊಲಮನೆಗೆ ಜೀತದ ಹುಡುಗನಾಗಿ ಸೇರಬೇಕಾಯಿತು. ಸುಮಾರು ಒಂದೂಮುಕ್ಕಾಲು ವರ್ಷ ಅಲ್ಲಿ ದನ ಕಾಯ್ದ. ನಂತರ ವೃದ್ಧ ಗುರು ಡಾನ್ ಕಲೋಸ್ಸೊ ಅವನಿಗೆ ಲ್ಯಾಟಿನ್ ಕಲಿಸಲು ತೊಡಗಿದರು. ಒಂದೇ ವರ್ಷದಲ್ಲಿ ಅವರೂ ತೀರಿಕೊಂಡರು. 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಅವನಿಗೆ ಹದಿನಾರು. ಸಣ್ಣ ಮಕ್ಕಳ ಪಕ್ಕದಲ್ಲಿ ಕುಳಿತು ಓದಿದ. ಹೊಟ್ಟೆಪಾಡಿಗೆ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಮಲಗಿದ. ದರ್ಜಿ ಕೆಲಸ, ಬಡಗಿ ಕೆಲಸ, ಕಮ್ಮಾರಿಕೆ ಎಲ್ಲವನ್ನೂ ಅಷ್ಟಷ್ಟು ಕಲಿತ. ಮುಂದೆ ಬಡ ಹುಡುಗರಿಗಾಗಿ ದರ್ಜಿ, ಚಮ್ಮಾರ, ಬಡಗಿ ಕಾರ್ಯಾಗಾರಗಳನ್ನು ತೆರೆಯುವಾಗ ಈ ಕೈಕೆಲಸಗಳೆಲ್ಲ ನೆರವಿಗೆ ಬಂದವು.

ಕಿಯೇರಿಯಲ್ಲೇ 1832ರಲ್ಲಿ ಅವನು ಗೆಳೆಯರ ಒಂದು ಕೂಟ ಕಟ್ಟಿದ. ಅದಕ್ಕೆ ಇಟ್ಟ ಹೆಸರು ಸಂತೋಷ ಸಂಘ. ನಿಯಮಗಳು ಬಹಳ ಕಡಿಮೆ: ಕ್ರೈಸ್ತನಿಗೆ ತಕ್ಕದ್ದಲ್ಲದ ಮಾತು, ನಡತೆ ಇರಬಾರದು, ಶಾಲೆಯ ಕೆಲಸವನ್ನೂ ಧರ್ಮದ ಕರ್ತವ್ಯವನ್ನೂ ಸರಿಯಾಗಿ ಮಾಡಬೇಕು, ಯಾವಾಗಲೂ ಸಂತೋಷವಾಗಿರಬೇಕು. ಯಾವ ಗುರುಗಳ ಆದೇಶವೂ ಇಲ್ಲದೆ, ಹದಿನೇಳರ ಹುಡುಗನೊಬ್ಬ ತನ್ನ ಓರಗೆಯವರಿಗಾಗಿ ಕಟ್ಟಿದ ಸಂಘವಿದು. ನಮ್ಮ ಧರ್ಮಕೇಂದ್ರಗಳ ಕೆಲವು ಯುವ ಸಂಘಟನೆಗಳ ನಿಯಮಾವಳಿ ಎಷ್ಟು ಪುಟಗಳಿವೆ ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

1835ರಲ್ಲಿ ಸೆಮಿನರಿ ಸೇರಿ, 1841ರ ಜೂನ್ 5ರಂದು ಟ್ಯೂರಿನ್‌ನಲ್ಲಿ ಗುರುದೀಕ್ಷೆ ಪಡೆದರು. ಇಟಲಿಯಲ್ಲಿ ಗುರುಗಳನ್ನು ಡಾನ್ ಎಂದು ಕರೆಯುವುದರಿಂದ ಅಂದಿನಿಂದ ಅವರು ಡಾನ್ ಬಾಸ್ಕೊ ಆದರು. ಒಳ್ಳೆಯ ಸಂಬಳದ ಮೂರು ಕೆಲಸಗಳು ಅವರಿಗಾಗಿ ಕಾದಿದ್ದವು. ತಮ್ಮ ಆತ್ಮಿಕ ಮಾರ್ಗದರ್ಶಕರಾದ ಡಾನ್ ಜೋಸೆಫ್ ಕಫಾಸ್ಸೊ ಅವರನ್ನು ಕೇಳಿದಾಗ, ಮೂರನ್ನೂ ಬಿಟ್ಟು ಟ್ಯೂರಿನ್‌ಗೆ ಬಂದು ಇನ್ನಷ್ಟು ಕಲಿಯಬೇಕೆಂಬ ಸಲಹೆ ಬಂತು. ಗುರುದೀಕ್ಷೆಯ ನಂತರವೂ ಮೂರು ವರ್ಷಗಳ ಅಧ್ಯಯನ. ಅದರಲ್ಲಿ ತರಗತಿಯಷ್ಟೇ ಮುಖ್ಯವಾದದ್ದು ಬೀದಿ ಮತ್ತು ಸೆರೆಮನೆ. ಕಫಾಸ್ಸೊ ಅವರನ್ನು ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟು ವಯಸ್ಸಿನ ಗಟ್ಟಿಮುಟ್ಟಾದ ಹುಡುಗರು ಅಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರೇ ಕೆಲವು ದಿನಗಳಲ್ಲಿ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಇವರನ್ನು ವಿಚಾರಿಸುವ ಒಬ್ಬ ಸ್ನೇಹಿತನಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಡಾನ್ ಬಾಸ್ಕೊ ಅವರಿಗೆ ಅಲ್ಲಿ ಖಚಿತವಾಯಿತು.

1841ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಬಾರ್ತಲೊಮಿಯೊ ಗರೆಲ್ಲಿ ಎಂಬ ಅನಾಥ ಹುಡುಗ ಚಳಿಗೆ ಸಕ್ರಿಸ್ತಿಯೊಳಗೆ ಬಂದಾಗ ಸಕ್ರಿಸ್ತಾನರು ಅವನನ್ನು ಹೊಡೆದು ಓಡಿಸಿದರು. ಡಾನ್ ಬಾಸ್ಕೊ ಅವನನ್ನು ವಾಪಸು ಕರೆಸಿ, ಪೂಜೆಯ ನಂತರ ಜೊತೆಯಲ್ಲಿ ಕುಳಿತು ಮಾತಾಡಿಸಿದರು. ಮುಂದಿನ ಭಾನುವಾರ ಅವನು ಗೆಳೆಯರನ್ನು ಕರೆತಂದ. ಪೂಜೆ, ಧರ್ಮೋಪದೇಶ, ಆಟ, ಪಾಠ ಎಲ್ಲ ಸೇರಿದ ಆ ಭಾನುವಾರದ ಕೂಟಕ್ಕೆ ಒರೆಟರಿ ಎಂದು ಹೆಸರಾಯಿತು. ಸ್ವಂತ ಜಾಗವಿಲ್ಲದೆ ಅದು ಟ್ಯೂರಿನ್‌ನಲ್ಲಿ ಊರೂರು ಅಲೆಯಿತು ಎನ್ನಬೇಕು. ನೂರಾರು ಹುಡುಗರ ಗದ್ದಲವನ್ನು ಯಾರೂ ಸಹಿಸಲಿಲ್ಲ. ಡಾನ್ ಬಾಸ್ಕೊ ಅವರಿಗೆ ಬುದ್ಧಿ ಕೆಟ್ಟಿದೆ ಎಂದು ಭಾವಿಸಿದ ಇಬ್ಬರು ಗುರುಗಳು ಅವರನ್ನು ಮೋಸದಿಂದ ಸಾರೋಟಿನಲ್ಲಿ ಹುಚ್ಚಾಸ್ಪತ್ರೆಗೆ ಸಾಗಿಸಲು ನೋಡಿದ್ದೂ ಉಂಟು. ಇವರು ಉಪಾಯದಿಂದ ಅವರಿಬ್ಬರನ್ನೇ ಸಾರೋಟಿಗೆ ಹತ್ತಿಸಿ ಕಳುಹಿಸಿದರು. 1846ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ತಗ್ಗು ಕೊಟ್ಟಿಗೆಯಲ್ಲಿ ಒರೆಟರಿಗೆ ನೆಲೆ ಸಿಕ್ಕಿತು. ಆ ವರ್ಷ ನವೆಂಬರ್‌ನಲ್ಲಿ ತಾಯಿ ಮಾರ್ಗರೀಟಾ ಹಳ್ಳಿಯ ಮನೆ ಬಿಟ್ಟು ಮಗನ ಜೊತೆ ಕಾಲ್ನಡಿಗೆಯಲ್ಲಿ ಬಂದು, ಹತ್ತು ವರ್ಷ ಆ ಹುಡುಗರಿಗೆಲ್ಲ ಅಮ್ಮನಾಗಿದ್ದು, ಅಲ್ಲಿಯೇ 1856ರಲ್ಲಿ ಮರಣ ಹೊಂದಿದರು.

ಇಲ್ಲಿಯವರೆಗಿನ ಕಥೆ ಹಲವರಿಗೆ ಗೊತ್ತು. ಇದರ ಮುಂದೆ ಬರುವುದು 1848ರ ಬಿಕ್ಕಟ್ಟು. ಇಟಲಿಯಲ್ಲಿ ರಾಷ್ಟ್ರೀಯ ಚಳವಳಿ ಎದ್ದಿತ್ತು, ಪಿಯೆಮೊಂತೆಯ ರಾಜ ಆಸ್ಟ್ರಿಯದ ಮೇಲೆ ಯುದ್ಧ ಸಾರಿದ್ದ. ಡಾನ್ ಬಾಸ್ಕೊ ತಮ್ಮ ಹುಡುಗರನ್ನು ರಾಜಕೀಯ ಮೆರವಣಿಗೆಗಳಿಗೆ ಕಳುಹಿಸಲು ಒಪ್ಪಲಿಲ್ಲ. ಅವರಿಗೆ ನೆರವಾಗುತ್ತಿದ್ದ ಗುರುಗಳಲ್ಲಿ ಮತ್ತು ಗೃಹಸ್ಥರಲ್ಲಿ ಹಲವರು ಈ ಕಾರಣಕ್ಕೆ ಮುನಿಸಿಕೊಂಡು ದೂರವಾದರು, ದೊಡ್ಡ ಹುಡುಗರನ್ನೂ ತಮ್ಮ ಜೊತೆ ಕರೆದುಕೊಂಡು ಹೋದರು. ಭಾನುವಾರ ನೂರಾರು ಮಕ್ಕಳ ಮುಂದೆ ಅವರು ಹೆಚ್ಚುಕಡಿಮೆ ಒಬ್ಬಂಟಿಯಾದರು. ಹೊರಗಿನಿಂದ ಬಂದ ಒಳ್ಳೆಯ ಮನಸ್ಸಿನ ಸಹಾಯಕರು ಎಷ್ಟು ದಿನ ಉಳಿಯುತ್ತಾರೆ ಎಂದು ಹೇಳಲಾಗದು. ಈ ಕೆಲಸ ಮುಂದುವರಿಯಬೇಕಾದರೆ ಅದರಲ್ಲೇ ಬೆಳೆದ ಹುಡುಗರು ಅದನ್ನು ಹೊರಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು.

ಬೀಜ ಮೊದಲೇ ಬಿದ್ದಿತ್ತು. ರಾತ್ರಿ ಶಾಲೆಗೆ ಶಿಕ್ಷಕರು ಸಾಲದೆ ಹೋದಾಗ, ಚುರುಕಾದ ಕೆಲವು ಹುಡುಗರಿಗೆ ಅವರು ಉಚಿತವಾಗಿ ಪಾಠ ಹೇಳುತ್ತಿದ್ದರು. ಒಂದೇ ಷರತ್ತು, ಕಲಿತದ್ದನ್ನು ಇತರರಿಗೆ ಕಲಿಸಬೇಕು. ಹೀಗೆ ಎಂಟು ಹತ್ತು ಮಂದಿ ಚಿಕ್ಕ ಮೇಷ್ಟ್ರುಗಳು ತಯಾರಾಗಿದ್ದರು. 1849ರಲ್ಲಿ ಸುಮಾರು 70 ಯುವಕರಿಗೆ ಧ್ಯಾನಕೂಟ ನಡೆಸಿ, ಪ್ರತಿಯೊಬ್ಬನನ್ನೂ ಹತ್ತಿರದಿಂದ ಗಮನಿಸಿ, ಕೊನೆಗೆ ನಾಲ್ವರನ್ನು ಆರಿಸಿದರು: ಜೋಸೆಫ್ ಬುಝೆಟ್ಟಿ, ಚಾರ್ಲ್ಸ್ ಗಸ್ತೀನಿ, ಜೇಮ್ಸ್ ಬೆಲ್ಲಿಯಾ, ಫೆಲಿಕ್ಸ್ ರೆವಿಲಿಯೊ. ತಾವೇ ಕುಳಿತು ಅವರಿಗೆ ಲ್ಯಾಟಿನ್ ಕಲಿಸಿದರು. ಫಲವೇನು? ರೆವಿಲಿಯೊ ಮತ್ತು ಬೆಲ್ಲಿಯಾ ಗುರುಗಳಾದರು, ಆದರೆ ಡಾನ್ ಬಾಸ್ಕೊ ಅವರ ಜೊತೆ ಉಳಿಯದೆ ಧರ್ಮಪ್ರಾಂತ್ಯದ ಸೇವೆಗೆ ಹೋದರು. ಗಸ್ತೀನಿ ಪುಸ್ತಕ ಕಟ್ಟುವ ಕಸುಬಿನವನಾಗಿ ಗೃಹಸ್ಥನಾದ. ಬುಝೆಟ್ಟಿ ಅಪಘಾತದಲ್ಲಿ ಕೈಬೆರಳು ಕಳೆದುಕೊಂಡು, ತೊಟ್ಟಿದ್ದ ನಿಲುವಂಗಿಯನ್ನು ಬಿಡಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಇದನ್ನು ಸೋಲು ಎಂದೇ ಬರೆಯಬೇಕು. ತರಬೇತಿ ಪಡೆದವರು ಕೈಬಿಟ್ಟು ಹೋದಾಗ ನಮ್ಮಲ್ಲಿ ಎಷ್ಟು ಕಹಿ ಮಾತು ಬರುತ್ತದೆ! ಡಾನ್ ಬಾಸ್ಕೊ ಹೋದವರೊಂದಿಗೂ ಸ್ನೇಹ ಬಿಡಲಿಲ್ಲ. ಅದೇ ಗಸ್ತೀನಿ 1870ರಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿದ. ಇಂದು ಲೋಕದಾದ್ಯಂತ ಇರುವ ಡಾನ್ ಬಾಸ್ಕೊ ಹಳೆ ವಿದ್ಯಾರ್ಥಿ ಸಂಘದ ಆರಂಭ ಅದು. ಲೊಂಬಾರ್ದಿಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಬುಝೆಟ್ಟಿಯಂತೂ ಉಗ್ರಾಣ, ಬ್ಯಾಂಡು, ಲಾಟರಿ ಎಲ್ಲವನ್ನೂ ನೋಡಿಕೊಂಡು ಅಲ್ಲೇ ಉಳಿದು, 1877ರಲ್ಲಿ ಕೊನೆಗೂ ಸಹೋದರನಾಗಿ ಸಭೆಗೆ ಸೇರಿದ.

ಎರಡನೆಯ ಪ್ರಯತ್ನ 1854ರ ಜನವರಿ 26ರ ಸಂಜೆ. ಡಾನ್ ಬಾಸ್ಕೊ ಅವರ ಕೋಣೆಯಲ್ಲಿ ನಾಲ್ವರು ಯುವಕರು ಸೇರಿದರು: ರೊಕ್ಕಿಯೆತ್ತಿ, ಅರ್ತಿಲಿಯಾ, ಕಲಿಯೇರೊ, ರೂವಾ. ಕೊನೆಯ ಇಬ್ಬರಿಗೆ ಆಗ ಹದಿನಾರು ವಯಸ್ಸು. ವ್ರತದ ಮಾತು ಅಂದು ಬರಲಿಲ್ಲ. ದೇವರ ನೆರವಿನಿಂದ ಸ್ವಲ್ಪ ಕಾಲ ಪರಸೇವೆಯ ಕೆಲಸವನ್ನು ಮಾಡಿ ನೋಡೋಣ, ಮುಂದೆ ಸರಿಯೆನಿಸಿದರೆ ವಾಗ್ದಾನ, ಆಮೇಲೆ ವ್ರತ ಎಂದಷ್ಟೇ ಒಪ್ಪಂದ. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ದೆ ಸಾಲ್ಸ್ ಅವರ ಹೆಸರಿನಿಂದ ಸಲೇಷಿಯನ್ನರು ಎಂದು ಕರೆದುಕೊಂಡರು. ಈ ನಾಲ್ವರಲ್ಲೂ ಕೊನೆಯವರೆಗೆ ಉಳಿದವರು ಕಲಿಯೇರೊ ಮತ್ತು ರೂವಾ ಇಬ್ಬರೇ.

ಅದೇ ವರ್ಷ ಬೇಸಿಗೆಯಲ್ಲಿ ಟ್ಯೂರಿನ್‌ಗೆ ಕಾಲರಾ ಬಂತು. ರೋಗಿಗಳನ್ನು ಎತ್ತಿ ಸಾಗಿಸಲು ಜನ ಸಿಗುತ್ತಿರಲಿಲ್ಲ. ಡಾನ್ ಬಾಸ್ಕೊ ತಮ್ಮ ಹುಡುಗರನ್ನು ಕೇಳಿದರು, ಯಾರನ್ನೂ ಬಲವಂತ ಮಾಡಲಿಲ್ಲ. ಮೊದಲು 14 ಮಂದಿ, ನಂತರ ಇನ್ನೂ 30 ಮಂದಿ ಮುಂದೆ ಬಂದರು. ರೋಗಿಯನ್ನು ಹೇಗೆ ಮುಟ್ಟಬೇಕು, ಕೈಯನ್ನು ವಿನೆಗರಿನಿಂದ ಹೇಗೆ ತೊಳೆಯಬೇಕು ಎಂಬುದನ್ನು ಕಲಿಸಿ ಅವರನ್ನು ಕಳುಹಿಸಿದರು. ಮಾರ್ಗರೀಟಾ ಮನೆಯ ಹೊದಿಕೆಗಳನ್ನೆಲ್ಲ ಕೊಟ್ಟು, ಕೊನೆಗೆ ಪೀಠದ ವಸ್ತ್ರವನ್ನೂ ಕೊಟ್ಟರು. ಅವರಲ್ಲಿ ಒಬ್ಬ ಹುಡುಗನಿಗೂ ರೋಗ ತಗುಲಲಿಲ್ಲ. ಇದನ್ನು ಪವಾಡವೆಂದು ಹೇಳುವವರಿದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಕೈ ತೊಳೆಯುವುದನ್ನು ಕಲಿಸಿದ್ದನ್ನೂ ಮರೆಯಬಾರದು.

ದೊಮಿನಿಕ್ ಸಾವಿಯೊ ವಾಲ್ದೊಕ್ಕೊಗೆ ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. 1856ರ ಜೂನ್ 8ರಂದು ಅವನೂ ಗೆಳೆಯರೂ ಸೇರಿ ಅಮಲೋದ್ಭವ ಮಾತೆಯ ಸೊಡಾಲಿಟಿಯನ್ನು ಆರಂಭಿಸಿದರು. ಸದಸ್ಯರ ಕೆಲಸವೇನೆಂದರೆ, ಹೊಸದಾಗಿ ಬಂದು ಅಳುವ ಹುಡುಗ, ಯಾರೂ ಆಟಕ್ಕೆ ಸೇರಿಸದ ಹುಡುಗ, ಪುಂಡಾಟದ ಹುಡುಗ, ಇಂತಹ ಒಬ್ಬೊಬ್ಬರ ಗೆಳೆತನ ಮಾಡುವುದು. ವಾರಕ್ಕೊಮ್ಮೆ ಕೂಡಿ ಮಾತಾಡುವುದು. ನಿಯಮಗಳನ್ನು ಹುಡುಗರೇ ಬರೆದರು. ಡಾನ್ ಬಾಸ್ಕೊ ಅವುಗಳನ್ನು ನೋಡಿ, ಇವು ಪಾಪದ ಭಯಕ್ಕೆ ಪಾಲಿಸುವ ಕಟ್ಟಳೆಗಳಲ್ಲ ಎಂದು ಸೇರಿಸಿದರು. ಸಾವಿಯೊ 1857ರ ಮಾರ್ಚ್ 9ರಂದು, ಇನ್ನೂ ಹದಿನೈದು ತುಂಬುವ ಮೊದಲೇ ತೀರಿಕೊಂಡ. ಅವನ ಜೊತೆಗಾರರಲ್ಲಿ ಹಲವರು ಎರಡೂವರೆ ವರ್ಷಗಳ ನಂತರ ಸಲೇಷಿಯನ್ ಸಭೆಯ ಮೊದಲ ಸದಸ್ಯರಾದರು.

ಆ ಸಭೆಗೆ ದಾರಿ ತೋರಿಸಿದವರಲ್ಲಿ ಒಬ್ಬರು ಸಚಿವ ಉರ್ಬಾನೊ ರತ್ತಾಝ್ಝಿ ಎಂಬುದು ವಿಚಿತ್ರ. 1855ರಲ್ಲಿ ಎಷ್ಟೋ ಮಠಗಳನ್ನು ಮುಚ್ಚಿಸಿದ ಕಾನೂನಿನ ಹಿಂದೆ ಇದ್ದವರು ಅವರೇ. ಸದಸ್ಯರು ತಮ್ಮ ನಾಗರಿಕ ಹಕ್ಕುಗಳನ್ನು ಉಳಿಸಿಕೊಂಡು ಸೇರುವ ಸಂಘವಾದರೆ ಸರಕಾರದ ಅಡ್ಡಿಯಿರದು ಎಂದು ಅವರು 1857ರಲ್ಲಿ ಸಲಹೆ ಕೊಟ್ಟರು. 1858ರಲ್ಲಿ ಡಾನ್ ಬಾಸ್ಕೊ ರೋಮಿಗೆ ಹೋಗಿ ಪೋಪ್ ಒಂಬತ್ತನೇ ಪಿಯುಸ್ ಅವರನ್ನು ಕಂಡರು. 1859ರ ಡಿಸೆಂಬರ್ 9ರಂದು ತಮ್ಮ ಸಹಾಯಕರಿಗೆ ವಿಷಯವನ್ನು ಬಿಚ್ಚಿ ಹೇಳಿ, ಯೋಚಿಸಲು ಒಂದು ವಾರ ಸಮಯ ಕೊಟ್ಟರು. ಕಲಿಯೇರೊ ನಿರ್ಧರಿಸಲಾಗದೆ ಅಂಗಳದಲ್ಲಿ ಬಹಳ ಹೊತ್ತು ತಿರುಗಾಡಿದ. ಡಿಸೆಂಬರ್ 18ರಂದು ಕೂಡಿದಾಗ ಇಬ್ಬರು ಬರಲಿಲ್ಲ. ಡಾನ್ ಬಾಸ್ಕೊ ಸೇರಿ 18 ಮಂದಿ ಇದ್ದರು, ಬಹುತೇಕ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಸಭೆಯ ಆತ್ಮಿಕ ನಿರ್ದೇಶಕನಾಗಿ ಆಯ್ಕೆಯಾದ ಮೈಕಲ್ ರೂವಾನಿಗೆ ಇಪ್ಪತ್ತೆರಡು, ಗುರುದೀಕ್ಷೆ ಇನ್ನೂ ಆಗಿರಲಿಲ್ಲ.

ರೂವಾನ ಕಥೆಯಲ್ಲಿ ಡಾನ್ ಬಾಸ್ಕೊ ನಾಯಕನನ್ನು ಹೇಗೆ ತಯಾರು ಮಾಡುತ್ತಿದ್ದರು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ. ಒಮ್ಮೆ ಡಾನ್ ಬಾಸ್ಕೊ ಪದಕ ಹಂಚುವಾಗ ಅವನಿಗೆ ಪದಕ ಕೊಡದೆ, ತಮ್ಮ ಎಡಗೈಯನ್ನು ಮುಂದೆ ಚಾಚಿ ಬಲಗೈಯಿಂದ ಅದನ್ನು ಅರ್ಧಕ್ಕೆ ಕತ್ತರಿಸಿ ಕೊಡುವಂತೆ ನಟಿಸಿದರು. ಮುಂದೆ ಎಲ್ಲವನ್ನೂ ಇಬ್ಬರೂ ಅರ್ಧರ್ಧ ಮಾಡೋಣ ಎಂಬುದು ಅದರ ಅರ್ಥವೆಂದು ರೂವಾನಿಗೆ ವರ್ಷಗಳ ನಂತರ ತಿಳಿಯಿತು. ಹದಿಹರೆಯದಲ್ಲೇ ಅವನಿಗೆ ಊಟದ ಕೋಣೆಯ ಮೇಲ್ವಿಚಾರಣೆ, ಸಣ್ಣವರಿಗೆ ಪಾಠ, ಭಾನುವಾರ ನಗರದ ಇನ್ನೊಂದು ಒರೆಟರಿಯಲ್ಲಿ ಧರ್ಮೋಪದೇಶ ಹೀಗೆ ಒಂದೊಂದೇ ಕೆಲಸ ಬಂತು. 1863ರಲ್ಲಿ ಮಿರಾಬೆಲ್ಲೊ ಎಂಬಲ್ಲಿ ಟ್ಯೂರಿನ್‌ನ ಹೊರಗಿನ ಮೊದಲ ಶಾಲೆ ತೆರೆದಾಗ ಇಪ್ಪತ್ತಾರರ ರೂವಾ ಅದರ ನಿರ್ದೇಶಕನಾದ.

ಹೊರಡುವಾಗ ಡಾನ್ ಬಾಸ್ಕೊ ಅವನಿಗೆ ಬರೆದುಕೊಟ್ಟ ಸಲಹೆಗಳು ಇಂದಿಗೂ ಉಳಿದಿವೆ. ಯಾವುದಕ್ಕೂ ಮನಸ್ಸು ಕದಡಿಕೊಳ್ಳಬಾರದು. ಊಟದಲ್ಲಿ ಕಠಿಣ ಉಪವಾಸ ಬೇಡ, ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆ ಬೇಡ. ಹೆದರಿಕೆ ಹುಟ್ಟಿಸುವ ಮೊದಲು ಪ್ರೀತಿ ಸಂಪಾದಿಸಬೇಕು. ಆಟದ ಹೊತ್ತನ್ನು ಆದಷ್ಟು ಹುಡುಗರ ಮಧ್ಯೆಯೇ ಕಳೆಯಬೇಕು, ಬೇಕಾದಾಗ ಒಬ್ಬೊಬ್ಬನ ಕಿವಿಯಲ್ಲಿ ಒಂದು ಒಳ್ಳೆಯ ಮಾತು ಹಾಕಬೇಕು. ಯುವ ನಾಯಕತ್ವ ಶಿಬಿರಕ್ಕೆ ಹೊರಡುವ ನಮ್ಮ ಸಹೋದರ, ಧರ್ಮಭಗಿನಿಯರು ಇದನ್ನು ತಮ್ಮ ಚೀಲದಲ್ಲಿಟ್ಟುಕೊಂಡರೆ ಭಾರವೇನೂ ಆಗದು. ನಿದ್ದೆಯ ವಿಷಯವನ್ನಂತೂ ಮೂರು ದಿನದ ಶಿಬಿರಕ್ಕೆ ಹದಿನೆಂಟು ತರಗತಿ ತುಂಬಿಸುವವರು ವಿಶೇಷವಾಗಿ ಓದಬೇಕು.

ಡಾನ್ ಬಾಸ್ಕೊ ಅವರ ಟ್ಯೂರಿನ್ ಕಥೋಲಿಕ ನಗರ, ಹುಡುಗರೆಲ್ಲ ಜ್ಞಾನಸ್ನಾನ ಪಡೆದವರು. ಚನ್ನಗಿರಿ, ಜಗಳೂರು ಕಡೆ ಕ್ರೈಸ್ತರು ಬೆರಳೆಣಿಕೆಯಷ್ಟು. ಅಲ್ಲಿ ಶಿಬಿರಕ್ಕೆ ಬರುವ ಯುವಕರಲ್ಲಿ ಹೆಚ್ಚಿನವರು ಬೇರೆ ಧರ್ಮದ, ಬೇರೆ ಸಂಪ್ರದಾಯದ ಮನೆಗಳವರು. ಸೊಡಾಲಿಟಿಯನ್ನು ಹಾಗೆಯೇ ಅಲ್ಲಿ ನೆಡಲಾಗದು, ನೆಡಲೂ ಬಾರದು. ಆದರೆ ದುಡಿಯುವ ಹುಡುಗನ ಪರವಾಗಿ ನಿಲ್ಲುವುದಕ್ಕೆ ಧರ್ಮದ ಗಡಿಯಿಲ್ಲ. 1852ರ ಫೆಬ್ರವರಿ 8ರಂದು ಜೋಸೆಫ್ ಒದಾಸ್ಸೊ ಎಂಬ ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿಸುವಾಗ ಡಾನ್ ಬಾಸ್ಕೊ ಲಿಖಿತ ಕರಾರು ಮಾಡಿಸಿ ತಾವೂ ಸಹಿ ಹಾಕಿದರು. ಕಸುಬಿಗೆ ಸೇರದ ಕೆಲಸ ಮಾಡಿಸಬಾರದು, ಹೊಡೆಯದೆ ಮಾತಿನಿಂದ ತಿದ್ದಬೇಕು, ಹಬ್ಬ ಭಾನುವಾರಗಳಂದು ಬಿಡುವು ಕೊಡಬೇಕು, ವಾರದ ಕೂಲಿ ಇಷ್ಟು ಎಂದು ಅದರಲ್ಲಿದೆ. ಗುಳೆ ಹೋಗುವ ತಾಂಡಾದ ಹುಡುಗನಿಗೆ ಮೇಸ್ತ್ರಿಯೊಂದಿಗೆ ಇಂತಹ ಒಂದು ಕಾಗದ ಓದಲು, ಕೇಳಲು ಬಂದರೆ ಅವನ ಹಳ್ಳಿಯ ಇತರ ಹುಡುಗರು ತಾವಾಗಿ ಅವನ ಸುತ್ತ ಸೇರುತ್ತಾರೆ. ಶಿಬಿರದ ದಿನಾಂಕವನ್ನೂ ಕಚೇರಿಯ ಕ್ಯಾಲೆಂಡರಿನಲ್ಲಲ್ಲ, ಗುಳೆ ಹೋದವರು ಮರಳುವ ಕಾಲ ನೋಡಿ ಇಡಬೇಕು. ಡಾನ್ ಬಾಸ್ಕೊ ಅವರ ಸಭೆ 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೆ ಬಂತು. ಇಂದು ದಾವಣಗೆರೆಯಲ್ಲೂ ಅವರ ಸಂಸ್ಥೆ ಮಕ್ಕಳ ಹಕ್ಕುಗಳ ಕೆಲಸದಲ್ಲಿ ತೊಡಗಿದೆ. ಹೊಸದಾಗಿ ಹೋಗುವವರು ಮೊದಲು ಅವರನ್ನು ಕಂಡು ಮಾತಾಡಿದರೆ ಒಳ್ಳೆಯದು.

ಮುಂದಿನ ವರ್ಷಗಳು ಬೇಗ ಸಾಗಿದವು. 1872ರಲ್ಲಿ ಸಂತ ಮರಿಯ ಮಝ್ಝರೆಲ್ಲೊ ಅವರೊಂದಿಗೆ ಹೆಣ್ಣುಮಕ್ಕಳ ಸೇವೆಗಾಗಿ ಧರ್ಮಭಗಿನಿಯರ ಸಭೆ ಆರಂಭವಾಯಿತು. ಸಲೇಷಿಯನ್ ಸಭೆಯ ಸಂವಿಧಾನಕ್ಕೆ ರೋಮಿನ ಅಂತಿಮ ಒಪ್ಪಿಗೆ ಸಿಕ್ಕಿದ್ದು 1874ರಲ್ಲಿ. 1875ರ ನವೆಂಬರ್‌ನಲ್ಲಿ ಮೊದಲ ಮಿಷನರಿ ತಂಡ ಅರ್ಜೆಂಟೀನಾಕ್ಕೆ ಹೊರಟಿತು. ಅದರ ನಾಯಕ ಅಂದು ಅಂಗಳದಲ್ಲಿ ತಿರುಗಾಡಿದ ಅದೇ ಕಲಿಯೇರೊ. ಅವರು 1884ರಲ್ಲಿ ಧರ್ಮಾಧ್ಯಕ್ಷರೂ 1915ರಲ್ಲಿ ಕಾರ್ಡಿನಲರೂ ಆದರು.

1888ರ ಜನವರಿ ಕೊನೆಯಲ್ಲಿ ಡಾನ್ ಬಾಸ್ಕೊ ಹಾಸಿಗೆ ಹಿಡಿದಿದ್ದರು. ಬಲಗೈ ಎತ್ತಲು ಶಕ್ತಿ ಇರಲಿಲ್ಲ, ಮಾತೂ ನಿಂತಿತ್ತು. ಕೋಣೆಯಲ್ಲಿ ಕಲಿಯೇರೊ ಇದ್ದರು, ಹಳೆಯ ಹುಡುಗರು ಇದ್ದರು. ಐವತ್ತರ ಡಾನ್ ರೂವಾ ಬಾಗಿ, ಗುರುವಿನ ಕೈಯನ್ನು ತಮ್ಮ ಕೈಯಿಂದ ಎತ್ತಿ ಹಿಡಿದು, ಅಲ್ಲಿದ್ದವರ ಮೇಲೂ ದೂರದಲ್ಲಿದ್ದ ಸಲೇಷಿಯನ್ನರ ಮೇಲೂ ಶಿಲುಬೆಯ ಗುರುತು ಹಾಕಿಸಿದರು. ಜನವರಿ 31ರ ನಸುಕಿನಲ್ಲಿ ಡಾನ್ ಬಾಸ್ಕೊ ಕೊನೆಯುಸಿರೆಳೆದರು. ರೂವಾ ಆ ಸಭೆಯನ್ನು ಮತ್ತೆ 22 ವರ್ಷ ನಡೆಸಿದರು.